ಹಾಸನದ ಚಳಿಯಲ್ಲಿ ನೊಣದ ಭ್ರೂಣದ ಖಂಡ ಎಣಿಸಿದ್ದು

ಎಂ.ಎಸ್ಸಿ. ಪ್ರಾಣಿಶಾಸ್ತ್ರದ ಪ್ರಾಜೆಕ್ಟ್ ವರದಿ ಸಲ್ಲಿಸಿ, ಮೌಖಿಕ ಪರೀಕ್ಷೆಯನ್ನೂ ಮುಗಿಸಿ ಈ ವಾರವಷ್ಟೇ ನಿರಾಳವಾಗಿದ್ದೇನೆ. ವಿಷಯ, ಹಣ್ಣಿನ ನೊಣದ ಭ್ರೂಣದ ದೇಹವನ್ನು ಖಂಡಗಳಾಗಿ ವಿಂಗಡಿಸುವ ವಂಶವಾಹಿಗಳು, ಅಂದರೆ ಜೀನ್‌ಗಳು. ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಇರುವವರಿಗೆ ಈ ಬರಹದಲ್ಲಿ ಹೊಸದೇನೂ ಸಿಗುವುದಿಲ್ಲ. ಹಾಸನ, ಚಿಕ್ಕಮಗಳೂರು, ಸಕಲೇಶಪುರದ ಕಡೆ, ಕೆಟ್ಟು ನಿಂತ ಇನ್‌ಕ್ಯುಬೇಟರ್ ಮತ್ತು ಒಂದು ಸಾಧಾರಣ ಸೂಕ್ಷ್ಮದರ್ಶಕ ಇಟ್ಟುಕೊಂಡು ಇದಕ್ಕೆ ಕೈ ಹಾಕುವವರಿಗಾಗಿ ಬರೆಯುತ್ತಿದ್ದೇನೆ. ಜೀನ್‌ಗಳ ಬಗ್ಗೆ ಪುಸ್ತಕಗಳಲ್ಲಿ ಬೇಕಾದಷ್ಟು ಇದೆ. ಚಳಿಗಾಲದಲ್ಲಿ ನೊಣದ ರೆಕ್ಕೆಗೆ ಏನಾಗುತ್ತದೆ ಎಂಬುದನ್ನು ಮಾತ್ರ ನನಗೆ ಯಾರೂ ಮೊದಲೇ ಹೇಳಲಿಲ್ಲ.

ಮೊದಲು ನಮ್ಮ ಆಸೆ ದೊಡ್ಡದಿತ್ತು. ಎನ್‌ಗ್ರೇಲ್ಡ್ ಎಂಬ ವಂಶವಾಹಿಯ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯ ತರಿಸಿ, ಭ್ರೂಣಕ್ಕೆ ಬಣ್ಣ ಹಾಕಿ, ಮೈಮೇಲೆ ಸಾಲಾಗಿ ಮೂಡುವ 14 ಪಟ್ಟೆಗಳನ್ನು ನೋಡಬೇಕು ಎಂದುಕೊಂಡಿದ್ದೆವು. ಆ ಪ್ರತಿಕಾಯ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಸಿಗುತ್ತದೆ. ಅದರ ಬೆಲೆ, ತಣ್ಣಗೇ ಇಟ್ಟು ತರಿಸುವ ಖರ್ಚು, ಆಮದಿನ ಕಾಗದಪತ್ರ ಎಲ್ಲವನ್ನೂ ವಿಚಾರಿಸಿದ ಮೇಲೆ ನಮ್ಮ ಮಾರ್ಗದರ್ಶಕಿ ಮೇಡಂ ಆ ಕಡತವನ್ನು ಪಕ್ಕಕ್ಕಿಟ್ಟು ಹೇಳಿದರು: "ಹೊರಚರ್ಮ ನೋಡೋಣ. ಈ ಜೀನ್‌ಗಳನ್ನು ಕಂಡುಹಿಡಿದವರೂ ನೋಡಿದ್ದು ಅದನ್ನೇ."

ಮಾತು ನಿಜ. ಹೈಡಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಟ್ ಮತ್ತು ಎರಿಕ್ ವೀಶಾಸ್ ಇಬ್ಬರೂ ಒಂದೇ ಸೂಕ್ಷ್ಮದರ್ಶಕಕ್ಕೆ ಎದುರುಬದುರು ಕುಳಿತು, ಮೊಟ್ಟೆಯಿಂದ ಹೊರಬರಲಾಗದೆ ಸತ್ತ ಮರಿಗಳ ಚರ್ಮವನ್ನು ಒಂದೊಂದಾಗಿ ನೋಡುತ್ತಾ ಹೋದರು. 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಖಂಡಗಳ ಸಂಖ್ಯೆಯನ್ನೋ ದಿಕ್ಕನ್ನೋ ಕೆಡಿಸುವ 15 ವಂಶವಾಹಿಗಳಿದ್ದವು. 1995ರ ನೊಬೆಲ್ ಬಹುಮಾನ ಅವರಿಬ್ಬರಿಗೂ ಎಡ್ವರ್ಡ್ ಲೂಯಿಸ್ ಅವರಿಗೂ ಒಟ್ಟಾಗಿ ಸಂದಿತು. ಪ್ರತಿಕಾಯವಿಲ್ಲದೆ ನೊಬೆಲ್ ಬಂದಿದೆ ಎಂದ ಮೇಲೆ ಪ್ರತಿಕಾಯವಿಲ್ಲದೆ ಎಂ.ಎಸ್ಸಿ. ಬಾರದೇ ಎಂದು ಸಮಾಧಾನ ಮಾಡಿಕೊಂಡೆ.

ಅವರು ಆ ಜೀನ್‌ಗಳನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿನದು ಕೆಟ್ಟರೆ ಅಕ್ಕಪಕ್ಕದ ಹಲವು ಖಂಡಗಳು ಒಟ್ಟಿಗೇ ಮಾಯವಾಗುತ್ತವೆ. ಇವು ಗ್ಯಾಪ್ ಜೀನ್‌ಗಳು: ಕ್ರುಪೆಲ್, ಹಂಚ್‌ಬ್ಯಾಕ್, ಕ್ನಿರ್ಪ್ಸ್. ಎರಡನೆಯ ಗುಂಪಿನದು ಕೆಟ್ಟರೆ ಒಂದು ಬಿಟ್ಟು ಒಂದು ಖಂಡದಷ್ಟು ಭಾಗ ಹೋಗುತ್ತದೆ. ಇವು ಪೇರ್-ರೂಲ್ ಜೀನ್‌ಗಳು. ಈವನ್-ಸ್ಕಿಪ್ಡ್, ಫುಶಿ ತರಾಜು ಮುಂತಾದವು ಇಲ್ಲಿ ಬರುತ್ತವೆ. ಮೂರನೆಯ ಗುಂಪಿನದು ಕೆಟ್ಟರೆ ಖಂಡಗಳ ಲೆಕ್ಕ ಸರಿಯಿದ್ದರೂ ಪ್ರತಿ ಖಂಡದ ಒಳಗಿನ ಹಿಂದುಮುಂದು ಗೊಂದಲವಾಗುತ್ತದೆ: ವಿಂಗ್‌ಲೆಸ್, ಹೆಡ್ಜ್‌ಹಾಗ್, ಈಗಿನ ವಿಂಗಡಣೆಯಲ್ಲಿ ಎನ್‌ಗ್ರೇಲ್ಡ್ ಕೂಡ. ನಾವು ಆರಿಸಿಕೊಂಡದ್ದು ಕ್ರುಪೆಲ್. ಕಾರಣ ಸರಳ, ಅದು ಕೆಟ್ಟರೆ ಆಗುವ ಹಾನಿ ಎಷ್ಟು ದೊಡ್ಡದೆಂದರೆ ನಮ್ಮ ಸೂಕ್ಷ್ಮದರ್ಶಕದಲ್ಲೂ ತಪ್ಪದೆ ಕಾಣುತ್ತದೆ.

ಆಮೇಲೆ ಕಾಗದದ ಕೆಲಸ. ಸಾಮಾನ್ಯ ನೊಣಕ್ಕೆ ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿರುವ ಡ್ರೊಸೊಫಿಲಾ ಸ್ಟಾಕ್ ಸೆಂಟರ್‌ಗೆ ಬರೆದೆವು. ಮಾರ್ಗದರ್ಶಕರ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಲೆಟರ್‌ಹೆಡ್, ಮೊಹರು ಇಷ್ಟಿದ್ದರೆ ಅಲ್ಲಿಯ ಕೆಲಸ ಸಲೀಸು. ಕ್ರುಪೆಲ್ ಉತ್ಪರಿವರ್ತನೆ (ಆ ಜೀನಿನ ಕೆಟ್ಟ ಪ್ರತಿ) ಇರುವ ನೊಣಗಳನ್ನು ಕೊಡಲು ಬೆಂಗಳೂರಿನ ಒಂದು ಪ್ರಯೋಗಾಲಯ ಒಪ್ಪಿತು. ಅವರು ಮೊದಲು ಕೊಡಲು ಹೊರಟದ್ದು ಹಸಿರಾಗಿ ಹೊಳೆಯುವ ಜೀನ್ ಸೇರಿಸಿದ ತಳಿ. ಅದು ಕೆಲಸವನ್ನು ಎಷ್ಟೋ ಹಗುರ ಮಾಡುತ್ತಿತ್ತು. ಆದರೆ ಹೊರಗಿನ ಜೀನ್ ಸೇರಿಸಿದ ಜೀವಿ ತರಬೇಕಾದರೆ 1989ರ ನಿಯಮಗಳ ಪ್ರಕಾರ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ನಮ್ಮಲ್ಲಿ ಇರಲಿಲ್ಲ. ಹೊಳೆಯದ, ಹಳೆಯ ಕಾಲದ ತಳಿಯನ್ನೇ ಕೇಳಿ ಪಡೆದೆವು. ನೀವೂ ಸಣ್ಣ ಕಾಲೇಜಿನವರಾದರೆ ಮೊದಲ ಪತ್ರದಲ್ಲೇ ಇದನ್ನು ಸ್ಪಷ್ಟವಾಗಿ ಬರೆಯಿರಿ. ನಮಗೆ ಪತ್ರ ಹೋಗಿ ಬರುವುದರಲ್ಲೇ ತಿಂಗಳ ಮೇಲಾಯಿತು.

ಇನ್ನೊಂದು ಅರ್ಜಿಯಲ್ಲಿ ಪ್ರಾಣಿ ನೈತಿಕ ಸಮಿತಿಯ ಅನುಮತಿ ಸಂಖ್ಯೆ ಕೇಳುವ ಕಲಂ ಇತ್ತು. "ಅನ್ವಯಿಸುವುದಿಲ್ಲ" ಎಂದು ಬರೆದದ್ದಕ್ಕೆ ಅರ್ಜಿ ವಾಪಸು ಬಂತು. ನೊಣಕ್ಕೆ ಬೆನ್ನೆಲುಬಿಲ್ಲ ಎಂದು ಮೇಡಂ ಒಂದು ಪುಟದ ವಿವರಣೆ ಲಗತ್ತಿಸಿದ ಮೇಲೆ ಅದು ಪಾಸಾಯಿತು.

ನೊಣಗಳನ್ನು ತರಲು ಬೆಂಗಳೂರಿಗೆ ನಾನೇ ಹೋದೆ. ಕೊರಿಯರ್ ಬೇಡ ಎಂದು ಅಲ್ಲಿಯವರೇ ಎಚ್ಚರಿಸಿದ್ದರು. ಬಿಸಿಲಿಗೆ ನಿಂತ ಗಾಡಿಯಲ್ಲಿ ಶೀಶೆಯೊಳಗಿನ ಆಹಾರ ನೀರೊಡೆದು ನೊಣಗಳು ಅದಕ್ಕೇ ಅಂಟಿಕೊಂಡು ಸಾಯುತ್ತವೆ. ನಾನು ಹಿಂದಿರುಗುವ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಿತ್ತು. ವರ್ಷಕ್ಕೊಮ್ಮೆ ಸಿಗುವ ದರ್ಶನ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಊಟದ ಚೀಲದಲ್ಲಿ ಹತ್ತಿ ತುರುಕಿದ ಶೀಶೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದ ಅಜ್ಜಿ ಇಣುಕಿ ನೋಡಿ, "ಔಷಧಿಯೇನವ್ವಾ?" ಎಂದರು. ನೊಣ ಎಂದೆ. ಅಲ್ಲಿಂದ ಹಾಸನದವರೆಗೆ ಅವರು ನನ್ನೊಡನೆ ಮಾತಾಡಲಿಲ್ಲ.

ಆಹಾರದ ಖರ್ಚು ಕಡಿಮೆ. ಮೈಸೂರಿನ ಕಡೆ ಬಳಸುವ ಪಾಕವನ್ನೇ ನಾವೂ ಹಿಡಿದೆವು: ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್, ಕುದಿಸಿ ಇಳಿಸಿದ ಮೇಲೆ ಬೂಷ್ಟು ಹಿಡಿಯದಂತೆ 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ. ಆಮ್ಲ ಹಾಕುವ ಕ್ಷಣದವರೆಗೂ ಅದು ಅಪ್ಪಟ ಸಜ್ಜಿಗೆಯಂತೆಯೇ ಘಮಘಮಿಸುತ್ತದೆ. ಹಾಕಿದ ಮೇಲೆ ಕಿಟಕಿ ತೆರೆಯದೆ ನಿಲ್ಲಲಾಗದು. ರವೆ, ಬೆಲ್ಲ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸಿಕ್ಕಿತು. ದುಡ್ಡು ತಿನ್ನುವುದು ಅಗರ್: ಒಂದು ಡಬ್ಬಿಗೆ ಕೊಟ್ಟ ಹಣದಲ್ಲಿ ಇಡೀ ವರ್ಷದ ರವೆ ಬೆಲ್ಲ ಕೊಳ್ಳಬಹುದಿತ್ತು. ಇಬ್ಬರು ಮೂವರು ಗೆಳೆಯರು ಸೇರಿ ಕೊಂಡರೆ ಹೊರೆ ಕಡಿಮೆಯಾಗುತ್ತದೆ.

ಇನ್ನು ನಿಜವಾದ ಕಷ್ಟಕ್ಕೆ ಬರುತ್ತೇನೆ. ಇದನ್ನು ಹೇಳಲು ತಳಿಯ ಬಗ್ಗೆ ಸ್ವಲ್ಪ ವಿವರಿಸಲೇಬೇಕು.

ತಾಯಿಯಿಂದ ಒಂದು, ತಂದೆಯಿಂದ ಒಂದು ಬರುವ ಕ್ರುಪೆಲ್‌ನ ಎರಡೂ ಪ್ರತಿಗಳು ಕೆಟ್ಟ ಭ್ರೂಣ ಸಾಯುತ್ತದೆ. ಹಾಗಾದರೆ ಆ ತಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಳ್ಳುವುದು ಹೇಗೆ? ಒಂದು ಕೆಟ್ಟ ಪ್ರತಿಯ ಎದುರಿಗೆ ಬ್ಯಾಲೆನ್ಸರ್ ಎಂಬ, ತಿರುವುಮುರುವಾಗಿ ಜೋಡಿಸಿದ ವರ್ಣತಂತು (ಕ್ರೋಮೋಸೋಮ್) ಇಟ್ಟಿರುತ್ತಾರೆ. ಕ್ರುಪೆಲ್ ಇರುವ ಎರಡನೆಯ ವರ್ಣತಂತುವಿಗೆ ಬಳಸುವ ಸಿವೈಒ ಎಂಬ ಬ್ಯಾಲೆನ್ಸರ್‌ನಲ್ಲಿ ರೆಕ್ಕೆಯನ್ನು ಮೇಲಕ್ಕೆ ಸುರುಳಿ ಮಾಡುವ ಗುರುತಿನ ಜೀನ್ ಇದೆ. ಎರಡು ಸಿವೈಒ ಬಂದ ನೊಣವೂ ಬದುಕುವುದಿಲ್ಲ, ಎರಡು ಕೆಟ್ಟ ಕ್ರುಪೆಲ್ ಬಂದದ್ದೂ ಬದುಕುವುದಿಲ್ಲ. ಶೀಶೆಯಲ್ಲಿ ಬೆಳೆದು ಹಾರಾಡುವ ನೊಣವೆಲ್ಲ ಒಂದೊಂದು ಪ್ರತಿ ಇರುವವೇ, ಹಾಗಾಗಿ ಎಲ್ಲಕ್ಕೂ ಸುರುಳಿ ರೆಕ್ಕೆಯೇ ಇರಬೇಕು. ನೇರ ರೆಕ್ಕೆಯ ನೊಣ ಕಂಡಿತೆಂದರೆ ಹೊರಗಿನ ನೊಣ ಬೆರೆತಿದೆ ಎಂದು ಅರ್ಥ. ಅಡುಗೆಮನೆಯ ಬಾಳೆಹಣ್ಣಿನ ಸುತ್ತ ಸುತ್ತುವ ನೊಣಗಳು ಪ್ರಯೋಗಾಲಯಕ್ಕೂ ಬರುತ್ತವಲ್ಲ.

ಡಿಸೆಂಬರ್ ಬಂತು. ಹಾಸನವನ್ನು ಬಡವರ ಊಟಿ ಎಂದು ಸುಮ್ಮನೆ ಕರೆಯುವುದಿಲ್ಲ. ನಮ್ಮ ವಿಭಾಗದ ಇನ್‌ಕ್ಯುಬೇಟರ್‌ನ ಕಂಪ್ರೆಸರ್ ಕೆಟ್ಟು, ರಿಪೇರಿಯ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು. ಶೀಶೆಗಳು ಕೋಣೆಯ ಕಪಾಟಿನಲ್ಲೇ ಇದ್ದವು. 25 ಡಿಗ್ರಿಯಲ್ಲಿ ಹತ್ತು ದಿನದಲ್ಲಿ ಮೊಟ್ಟೆಯಿಂದ ನೊಣವಾಗುವ ಜೀವಿ, 18 ಡಿಗ್ರಿಯ ಸುಮಾರಿಗೆ ಅದರ ಇಮ್ಮಡಿ ಸಮಯ ತೆಗೆದುಕೊಳ್ಳುತ್ತದೆ. ಕಾದೆ, ಮತ್ತೂ ಕಾದೆ. ಕೊನೆಗೆ ಹೊಸ ತಲೆಮಾರು ಹೊರಬಂದಾಗ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಿ ಬಿಳಿ ಹಂಚಿನ ಮೇಲೆ ಸುರಿದು ನೋಡಿದರೆ ಅರ್ಧಕ್ಕರ್ಧ ನೊಣಗಳ ರೆಕ್ಕೆ ನೇರ!

ತಳಿ ಕೆಟ್ಟಿತು ಎಂದೇ ತಿಳಿದೆವು. ಮತ್ತೆ ಬೆಂಗಳೂರಿಗೆ ಪತ್ರ, ಮತ್ತೆ ಸಹಿ, ಮತ್ತೆ ಪ್ರಯಾಣ. ಪ್ರಾಜೆಕ್ಟ್ ಸಲ್ಲಿಸುವ ದಿನ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. "ನೊಣಕ್ಕಾಗಿ ಅಳುತ್ತೀಯಾ?" ಎಂದು ಅಮ್ಮ ಬೈದರು, ಆಮೇಲೆ ಅವರೇ ಹಾಲು ಬಿಸಿ ಮಾಡಿ ಕೊಟ್ಟರು.

ಉತ್ತರ ಸಿಕ್ಕಿದ್ದು ಬೆಂಗಳೂರಿನ ಆ ಪ್ರಯೋಗಾಲಯದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರಿಂದ. ಫೋನಿನಲ್ಲಿ ನನ್ನ ಗೋಳು ಪೂರ್ತಿ ಕೇಳುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಕೋಣೆಯ ತಾಪಮಾನ ಎಷ್ಟು?" ಸುರುಳಿ ರೆಕ್ಕೆಯ ಗುರುತು ತಾಪಮಾನವನ್ನು ಅವಲಂಬಿಸಿದೆ. 25 ಡಿಗ್ರಿಯಲ್ಲಿ ಚೆನ್ನಾಗಿ ಸುರುಳಿಯಾಗುವ ರೆಕ್ಕೆ, 19 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಬೆಳೆದರೆ ಎಷ್ಟೋ ನೊಣಗಳಲ್ಲಿ ಮಾಮೂಲಿ ರೆಕ್ಕೆಯಂತೆಯೇ ಕಾಣುತ್ತದೆ. ಜೀನ್ ಅಲ್ಲೇ ಇರುತ್ತದೆ, ಗುರುತು ಮಾತ್ರ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಯಂತ್ರದೊಳಗೆ ಬೆಳೆಯುವ ನೊಣಕ್ಕೆ ಈ ತಾಪತ್ರಯವೇ ಇಲ್ಲ, ಹಾಗಾಗಿ ಕೊಡುವವರಿಗೆ ಹೇಳಬೇಕೆಂದು ಹೊಳೆಯುವುದೂ ಇಲ್ಲ.

ಪ್ರಯೋಗಾಲಯದ ಸಹಾಯಕರೊಬ್ಬರಿದ್ದಾರೆ, ನಾವೆಲ್ಲ ಅಣ್ಣ ಎಂದೇ ಕರೆಯುವುದು. ಅವರು ಊರಿನಲ್ಲಿ ಕೋಳಿಮರಿ ಮಾಡಿಸಲು ಬಳಸುವ ತಾಪನಿಯಂತ್ರಕವನ್ನು ತಂದು, ದಪ್ಪ ಥರ್ಮಾಕೋಲ್ ಪೆಟ್ಟಿಗೆಗೆ ಒಂದು ಸಣ್ಣ ಬಲ್ಬು ಮತ್ತು ಹಳೆಯ ಕಂಪ್ಯೂಟರಿನ ಫ್ಯಾನ್ ಜೋಡಿಸಿ ಕೊಟ್ಟರು. ಒಟ್ಟು ಖರ್ಚು ಒಂದು ಸಾವಿರ ರೂಪಾಯಿ ಮುಟ್ಟಲಿಲ್ಲ. ಪೆಟ್ಟಿಗೆಯಲ್ಲಿ ಬಟ್ಟಲು ನೀರು ಇಡಿ, ಇಲ್ಲದಿದ್ದರೆ ಆಹಾರ ಒಣಗಿ ಬಿರುಕು ಬಿಡುತ್ತದೆ. ಕರೆಂಟು ಹೋದಾಗ ಮುಚ್ಚಳ ತೆರೆಯಬೇಡಿ, ಒಳಗಿನ ಬಿಸಿ ಸಾಕಷ್ಟು ಹೊತ್ತು ನಿಲ್ಲುತ್ತದೆ. ಮುಂದಿನ ತಲೆಮಾರು ಆ ಪೆಟ್ಟಿಗೆಯಲ್ಲಿ ಹುಟ್ಟಿತು, ಎಲ್ಲದರ ರೆಕ್ಕೆಯೂ ಸುರುಳಿ. ಮೇಡಂ ಏನೂ ಹೇಳದೆ ಎಲ್ಲರಿಗೂ ಕಾಫಿ ತರಿಸಿದರು.

ನನ್ನನ್ನು ಕೇಳಿದರೆ, ಮಲೆನಾಡಿನ ಅಂಚಿನಲ್ಲಿ ಇರುವವರು ಮೂರನೆಯ ವರ್ಣತಂತುವಿನ ಜೀನ್ ಆರಿಸಿಕೊಳ್ಳುವುದು ಮೇಲು. ಫುಶಿ ತರಾಜು, ಹಂಚ್‌ಬ್ಯಾಕ್ ಅಲ್ಲೇ ಇವೆ. ಅವಕ್ಕೆ ಬಳಸುವ ಟಿಎಂ3 ಬ್ಯಾಲೆನ್ಸರ್‌ನಲ್ಲಿ ಸಾಮಾನ್ಯವಾಗಿ ಬೆನ್ನಿನ ರೋಮವನ್ನು ಮೊಟಕು ಮಾಡುವ ಗುರುತು ಇರುತ್ತದೆ. ಅದು ರೆಕ್ಕೆಯ ಸುರುಳಿಯ ಹಾಗೆ ಚಳಿಗೆ ಮಾಯವಾಗುವ ಗುರುತಲ್ಲ.

ಮೊಟ್ಟೆ ಸಂಗ್ರಹಿಸುವುದು ಆಮೇಲಿನ ಹಂತ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಜಾಲರಿ ಅಂಟಿಸಿ, ಬಾಯಿಗೆ ದ್ರಾಕ್ಷಿರಸ ಬೆರೆಸಿದ ಅಗರ್ ತಟ್ಟೆ ಕಟ್ಟಿ, ನಡುವೆ ಯೀಸ್ಟ್ ಮುದ್ದೆ ಸವರಿ ಕತ್ತಲಲ್ಲಿ ಇಡಬೇಕು. ಮೊದಲ ತಟ್ಟೆಯನ್ನು ಎಸೆಯಿರಿ: ಹೆಣ್ಣು ನೊಣ ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡ ಹಳೆಯ ಮೊಟ್ಟೆಗಳು ಅದರಲ್ಲಿರುತ್ತವೆ, ವಯಸ್ಸಿನ ಲೆಕ್ಕ ತಪ್ಪಿಸುತ್ತವೆ. ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ, ಅಕ್ಕಿಯ ಆಕಾರ, ತಲೆಯ ಕಡೆ ಎರಡು ಎಳೆಗಳು.

ಆ ಅರ್ಧ ಮಿಲಿಮೀಟರಿನಲ್ಲಿ ನಡೆಯುವುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ತಾಯಿ ಮೊಟ್ಟೆಯ ಮುಂತುದಿಯಲ್ಲಿ ಬೈಕಾಯ್ಡ್ ಎಂಬ ಜೀನಿನ ಆರ್‌ಎನ್‌ಎ (ಪ್ರೋಟೀನ್ ತಯಾರಿಸುವ ಸೂಚನೆ) ಇಟ್ಟು ಕಳಿಸಿರುತ್ತಾಳೆ. ಅದರ ಪ್ರೋಟೀನ್ ಮುಂದೆ ದಟ್ಟವಾಗಿ, ಹಿಂದಕ್ಕೆ ಹೋದಂತೆ ತೆಳುವಾಗಿ ಹರಡುತ್ತದೆ. ಆಗ ಭ್ರೂಣದಲ್ಲಿ ಜೀವಕೋಶಗಳನ್ನು ಬೇರ್ಪಡಿಸುವ ಪೊರೆಗಳೇ ಇರುವುದಿಲ್ಲ. ಒಂದೇ ಚೀಲದೊಳಗೆ ಕೋಶಕೇಂದ್ರಗಳು 13 ಬಾರಿ ವಿಭಜನೆಯಾಗಿ ಸುಮಾರು 6,000 ಆಗುತ್ತವೆ. ಬೈಕಾಯ್ಡ್ ಎಲ್ಲಿ ಎಷ್ಟಿದೆ ಎಂಬುದರ ಮೇಲೆ ಗ್ಯಾಪ್ ಜೀನ್‌ಗಳು ಅಗಲವಾದ ಪ್ರದೇಶಗಳನ್ನು ಹಂಚಿಕೊಳ್ಳುತ್ತವೆ, ಕ್ರುಪೆಲ್‌ನದು ನಡುಭಾಗ. ಅವುಗಳ ಗಡಿಗಳನ್ನು ಓದಿ ಪೇರ್-ರೂಲ್ ಜೀನ್‌ಗಳು ಏಳು ಪಟ್ಟೆ ಹಾಕುತ್ತವೆ. ಆ ಏಳರಿಂದ ಎನ್‌ಗ್ರೇಲ್ಡ್‌ನ 14. ಮೊಟ್ಟೆಯಿಟ್ಟು ಮೂರು ಗಂಟೆಯ ಸುಮಾರಿಗೆ ಕೋಶಗಳ ಪೊರೆ ಮೂಡುವ ಹೊತ್ತಿಗಾಗಲೇ ಮುಖ್ಯ ಗೆರೆಗಳೆಲ್ಲ ಬಿದ್ದಿರುತ್ತವೆ. ಪುಸ್ತಕದಲ್ಲಿ ಓದುವ ಈ ಗಂಟೆಗಳೆಲ್ಲ 25 ಡಿಗ್ರಿಯ ಗಂಟೆಗಳು ಎಂಬುದನ್ನು ಮಾತ್ರ ಮರೆಯಬೇಡಿ.

ಚರ್ಮ ನೋಡಲು ಭ್ರೂಣ ಪೂರ್ತಿ ಬಲಿಯಬೇಕು. 25 ಡಿಗ್ರಿಯಲ್ಲಿ ಒಂದು ದಿನದೊಳಗೆ ಆರೋಗ್ಯವಂತ ಮರಿಗಳು ಮೊಟ್ಟೆಯೊಡೆದು ತೆವಳಿಹೋಗುತ್ತವೆ, ಉಳಿದವು ನಮಗೆ. ಕೋಣೆಯ ಚಳಿಯಲ್ಲಿ ಇಟ್ಟು ಒಂದು ದಿನ ಬಿಟ್ಟು ನೋಡಿದರೆ ಎಲ್ಲವೂ ಉಳಿದಿರುತ್ತವೆ, ಎಲ್ಲವೂ ಸತ್ತಂತೆ ಕಾಣುತ್ತವೆ. ಉಳಿದವುಗಳಲ್ಲಿ ಬೆಳ್ಳಗಿರುವವು ಹೆಚ್ಚಾಗಿ ಫಲವಾಗದ ಮೊಟ್ಟೆ, ಕಂದಾದವನ್ನು ಆರಿಸಿ. ಲೆಕ್ಕದ ಪ್ರಕಾರ ಫಲವಾದ ಮೊಟ್ಟೆಗಳಲ್ಲಿ ಕಾಲು ಭಾಗ ಕ್ರುಪೆಲ್ ಕೆಟ್ಟವು. ಆದರೆ ಎರಡು ಬ್ಯಾಲೆನ್ಸರ್ ಬಂದವೂ ಸಾಯುವುದರಿಂದ ಸತ್ತವುಗಳ ಎಣಿಕೆಯನ್ನು ನಂಬದೆ ಚರ್ಮ ನೋಡಿಯೇ ತೀರ್ಮಾನಿಸಬೇಕು.

ಹೊರಕವಚ ತೆಗೆಯಲು ಬ್ಲೀಚ್ ದ್ರಾವಣವನ್ನು ಅರ್ಧಕ್ಕರ್ಧ ನೀರು ಬೆರೆಸಿ ಎರಡು ಮೂರು ನಿಮಿಷ. ಅಂಗಡಿಯಲ್ಲಿ ಬಹುಕಾಲ ಕೂತ ಬ್ಲೀಚ್‌ಗೆ ಶಕ್ತಿಯಿರುವುದಿಲ್ಲ. ಗಡಿಯಾರ ನೋಡಬೇಡಿ, ತಲೆಯ ಕಡೆಯ ಎಳೆಗಳು ಕರಗಿದವೇ ನೋಡಿ. ಒಳಪೊರೆಗೆ ಹೆಪ್ಟೇನ್, ಮೆಥನಾಲ್ ಸಮಪಾಲು ಹಾಕಿ ಜೋರಾಗಿ ಕುಲುಕಬೇಕು. ಪೊರೆ ಕಳಚಿದವು ತಳಕ್ಕೆ ಇಳಿಯುತ್ತವೆ. ಎರಡೂ ಬೆಂಕಿಗೆ ಹತ್ತಿಕೊಳ್ಳುವ ದ್ರವಗಳು, ಬರ್ನರ್ ಹತ್ತಿರ ಬೇಡ.

ಆಮೇಲೆ ಭ್ರೂಣವನ್ನು ಸ್ಲೈಡಿನ ಮೇಲೆ ತಿಳಿಯಾಗಿಸುವ ಹೋಯರ್ ದ್ರಾವಣ. 50 ಮಿ.ಲೀ. ನೀರಿಗೆ 30 ಗ್ರಾಂ ಗಮ್ ಅರೇಬಿಕ್, 200 ಗ್ರಾಂ ಕ್ಲೋರಲ್ ಹೈಡ್ರೇಟ್, ಸ್ವಲ್ಪ ಗ್ಲಿಸರಾಲ್. ಕ್ಲೋರಲ್ ಹೈಡ್ರೇಟ್ ಒಂದು ಕಾಲದ ನಿದ್ರೆಯ ಔಷಧಿ. ರಾಸಾಯನಿಕದ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಲೇಜಿನ ಪತ್ರ ತನ್ನಿ ಎಂದರು. ಅವರದು ತಪ್ಪಲ್ಲ, ಪತ್ರ ಮೊದಲೇ ಒಯ್ಯಿರಿ. ಅದು ಬರುವವರೆಗೆ ನಾನು ಬರೀ ಲ್ಯಾಕ್ಟಿಕ್ ಆಮ್ಲದಲ್ಲಿ ಅಭ್ಯಾಸ ಮಾಡಿದೆ. ಸ್ಲೈಡ್ ಬಾಳಿಕೆ ಬರುವುದಿಲ್ಲ, ಕೈ ಪಳಗಲು ಸಾಕು. ಹೋಯರ್ ಮತ್ತು ಲ್ಯಾಕ್ಟಿಕ್ ಆಮ್ಲ ಸಮನಾಗಿ ಬೆರೆಸಿ, ಭ್ರೂಣ ಇಟ್ಟು, ಗಾಜು ಮುಚ್ಚಿ, 60 ಡಿಗ್ರಿಯ ಓವನ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಮಾಂಸವೆಲ್ಲ ಕರಗಿ ಚರ್ಮ ಮಾತ್ರ ಉಳಿಯುತ್ತದೆ.

ಬಣ್ಣವಿಲ್ಲದ ವಸ್ತುವನ್ನೂ ಎದ್ದು ಕಾಣಿಸುವ ಫೇಸ್ ಕಾಂಟ್ರಾಸ್ಟ್ ನಮ್ಮ ಸೂಕ್ಷ್ಮದರ್ಶಕದಲ್ಲಿಲ್ಲ. ಬೆಳಕನ್ನು ಕೂಡಿಸುವ ಕಂಡೆನ್ಸರ್ ಲೆನ್ಸಿನ ಕೆಳಗಿನ ಫಿಲ್ಟರ್ ಬಳೆಯಲ್ಲಿ, ನಟ್ಟನಡುವೆ ಒಂದು ದುಂಡನೆಯ ಕಪ್ಪು ಕಾಗದ ಅಂಟಿಸಿದೆವು. ಬದಿಯಿಂದ ಮಾತ್ರ ಬೆಳಕು ಬಂದು, ಕಪ್ಪು ಹಿನ್ನೆಲೆಯಲ್ಲಿ ಚರ್ಮದ ಸಣ್ಣ ಮುಳ್ಳುಗಳು ಬೆಳ್ಳಗೆ ಹೊಳೆದವು. ಹತ್ತರ ಲೆನ್ಸಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ನಲವತ್ತರಲ್ಲಿ ನಡೆಯುವುದಿಲ್ಲ.

ಮೊದಲು ಸಾಮಾನ್ಯ ಮರಿ. ಖಂಡಕ್ಕೊಂದರಂತೆ ಮುಳ್ಳುಗಳ ಪಟ್ಟಿ: ಎದೆಯ ಮೂರು ತೆಳು ಪಟ್ಟಿ, ಹೊಟ್ಟೆಯ ಎಂಟು ಅಗಲ ಪಟ್ಟಿ, ಹನ್ನೊಂದೂ ಸಾಲಾಗಿ. ಬಾಲದ ತುದಿಯಲ್ಲಿ ಉಸಿರುನಾಳದ ಜೋಡಿ ಗಂಟು. ದಿಕ್ಕು ಗೊತ್ತಾಗಲು ಮೊದಲು ಅದನ್ನೇ ಹುಡುಕಿ. ಆಮೇಲೆ ಕ್ರುಪೆಲ್ ಸ್ಲೈಡ್ ಇಟ್ಟೆ. ತಲೆಯ ಭಾಗಗಳು ಇವೆ, ಬಾಲದ ಗಂಟು ಇದೆ, ನಡುವೆ ಎದೆ ಪೂರ್ತಿ ಇಲ್ಲ, ಹೊಟ್ಟೆಯ ಮೊದಲ ಐದು ಖಂಡ ಇಲ್ಲ. ಆರನೆಯ ಖಂಡ ಇದೆ, ಅದರ ಮುಂದೆ ಅದೇ ಆರನೆಯದು ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದೆ, ಮುಳ್ಳುಗಳು ಎದುರುಬದುರು. ನಾನು "ಅಣ್ಣಾ!" ಎಂದು ಕೂಗಿದ್ದು ಕಾರಿಡಾರಿಗೆಲ್ಲ ಕೇಳಿತಂತೆ. ಅವರು ಬಂದು ಕಣ್ಣಿಟ್ಟು ನೋಡಿ, "ಸೊಂಟವೇ ಇಲ್ಲವಲ್ಲಮ್ಮ" ಎಂದರು. ವರದಿಯಲ್ಲಿ ನಾನು ಒಂದೂವರೆ ಪುಟ ಬರೆದದ್ದನ್ನು ಅವರು ಎರಡು ಪದದಲ್ಲಿ ಮುಗಿಸಿದರು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಚರ್ಮದ ಚಿತ್ರಗಳನ್ನು ಬೇಗ ಮಗುಚಿಹಾಕಿ, ಈವನ್-ಸ್ಕಿಪ್ಡ್‌ನ ಎರಡನೆಯ ಪಟ್ಟೆಯ ಬಗ್ಗೆ ಕೇಳಿದರು. ಇದನ್ನು ಓದಿಕೊಂಡೇ ಹೋಗಿ. ಆ ಪಟ್ಟೆಯನ್ನು ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಚಾಲೂ ಮಾಡುತ್ತವೆ, ಮುಂಗಡಿಯನ್ನು ಜಯಂಟ್ ಎಂಬ ಇನ್ನೊಂದು ಗ್ಯಾಪ್ ಜೀನ್ ತಡೆಯುತ್ತದೆ, ಹಿಂಗಡಿಯನ್ನು ಕ್ರುಪೆಲ್ ತಡೆಯುತ್ತದೆ. ಕ್ರುಪೆಲ್ ಇಲ್ಲದಿದ್ದರೆ ಪಟ್ಟೆ ಹಿಂದಕ್ಕೆ ಹರಡುತ್ತದೆ. "ಹಾಗಾದರೆ ನಿಮ್ಮ ಭ್ರೂಣದಲ್ಲಿ ಕ್ರುಪೆಲ್ ಇಲ್ಲದ ಜಾಗ ಮಾತ್ರವಲ್ಲ, ಪಕ್ಕದ ಜಾಗವೂ ಏಕೆ ಕೆಟ್ಟಿತು?" ಎಂದು ಮುಂದಿನ ಪ್ರಶ್ನೆ. ಒಂದರ ಗಡಿ ಬಿದ್ದರೆ ಅದನ್ನು ನಂಬಿ ನಿಂತ ಇನ್ನೊಂದರ ಗಡಿಯೂ ಬೀಳುತ್ತದೆ ಎಂದೆ. ತಲೆಯಾಡಿಸಿದರು. ರೆಕ್ಕೆಯ ಕಥೆಯನ್ನು ನಾನು ಹೇಳಿದಾಗ ಮಾತ್ರ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

ಸ್ಲೈಡ್‌ಗಳ ಬಗ್ಗೆ ಒಂದು ಮಾತು. ಹೋಯರ್ ದ್ರಾವಣ ಗಾಳಿಯ ತೇವ ಹೀರುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ಮುಂಚೆ ಅಂಚಿಗೆಲ್ಲ ಉಗುರುಬಣ್ಣವನ್ನು ಎರಡು ಪದರ ಬಳಿದು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ತಳಿಗಳು ಈಗ ಕಿರಿಯ ವಿದ್ಯಾರ್ಥಿಗಳ ಕೈಯಲ್ಲಿವೆ. ಅವರ ತಲೆನೋವು ಬೇರೆ: ಮಾರ್ಚ್ ದಾಟಿದ ಮೇಲೆ ಮಧ್ಯಾಹ್ನದ ಕೋಣೆ 30 ಡಿಗ್ರಿ ಮುಟ್ಟುತ್ತದೆ, ಆ ಬಿಸಿಯಲ್ಲಿ ಬೆಳೆದ ಗಂಡು ನೊಣಗಳು ಬಂಜೆಯಾಗುತ್ತವೆ. ಅದೇ ಥರ್ಮಾಕೋಲ್ ಪೆಟ್ಟಿಗೆಯಿಂದ ಬಲ್ಬು ಬಿಚ್ಚಿ, ಬೆಳಗ್ಗೆ ಸಂಜೆ ಐಸ್ ಪ್ಯಾಕ್ ಬದಲಿಸುತ್ತಿದ್ದಾರೆ. ಇನ್‌ಕ್ಯುಬೇಟರ್‌ನ ಕಡತಕ್ಕೆ ಇನ್ನೊಂದು ಸಹಿ ಬಾಕಿಯಿದೆಯಂತೆ.